ಬ್ಯಾಂಬೂ ಶ್ರಿಂಪ್ ಬೀಸಣಿಗೆ ಬಿಚ್ಚುತ್ತಿಲ್ಲ, ದಿನವಿಡೀ ನೆಲ ಕೆದಕುತ್ತಿದೆ. ಏನು ಸಮಸ್ಯೆ?

ವೈಟ್‌ಫೀಲ್ಡ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೂರಡಿ ಟ್ಯಾಂಕ್, ಗಿಡಗಳಿವೆ, ನಿಯಾನ್ ಟೆಟ್ರಾ, ಗಪ್ಪಿ, ಕೋರಿಡೋರಸ್ ಇವೆ. ಎರಡು ಬ್ಯಾಂಬೂ ಶ್ರಿಂಪ್ (ಒಂದು ಬಗೆಯ ಸಿಹಿನೀರಿನ ಸಿಗಡಿ) ತಂದು ಬಿಟ್ಟಿದ್ದೇನೆ. ಮೊದಮೊದಲು ಫಿಲ್ಟರ್ ನೀರು ಬರುವ ಕಡೆ ಮರದ ತುಂಡಿನ ಮೇಲೆ ಕೂತು ಬೀಸಣಿಗೆ ಬಿಚ್ಚುತ್ತಿದ್ದವು, ನೋಡೋಕೆ ಚೆನ್ನಾಗಿತ್ತು. ಈಗ ಅಲ್ಲಿಗೆ ಹತ್ತುವುದೇ ಇಲ್ಲ. ಜಲ್ಲಿ ಮೇಲೆ ಓಡಾಡಿಕೊಂಡು ಕೆದಕುತ್ತಲೇ ಇರುತ್ತವೆ. ಮೀನಿಗೆ ಹಾಕಿದ ಫ್ಲೇಕ್ಸ್‌ನಲ್ಲಿ ಉಳಿದದ್ದನ್ನು ಇವು ತಿನ್ನುತ್ತವೆ ಅಂತ ಅಂಗಡಿಯವರು ಹೇಳಿದ್ದರು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಕ್ಯಾನಿಸ್ಟರ್ ಫಿಲ್ಟರ್‌ಗೆ ಬಿಳಿ ಫ್ಲಾಸ್ (ಸಣ್ಣ ಕಣವನ್ನೂ ಹಿಡಿಯುವ ಹತ್ತಿಯಂಥ ಪದರ) ಹಾಕಿರುವುದರಿಂದ ನೀರಲ್ಲಿ ಒಂದು ಕಣವೂ ಕಾಣುವುದಿಲ್ಲ. ಒಂದು ಶ್ರಿಂಪ್ ಪೊರೆ ಬಿಟ್ಟಿತು, ಆದರೆ ಬಾಲದ ಹತ್ತಿರ ಹಳೇ ಚಿಪ್ಪಿನ ತುಂಡು ಇನ್ನೂ ಅಂಟಿಕೊಂಡಿದೆ. ಏನು ಮಾಡಲಿ?

ಯಲಹಂಕದಿಂದ:
ಯಾವುದೋ ಪರಾವಲಂಬಿ ಇರಬೇಕು ಸಾರ್. ಮೀನಿನ ಬಿಳಿ ಚುಕ್ಕಿ ರೋಗಕ್ಕೆ ಹಾಕುವ ಔಷಧಿ ಅರ್ಧ ಡೋಸ್ ಹಾಕಿ ನೋಡಿ.

ಬಸವನಗುಡಿಯಿಂದ:
ದಯವಿಟ್ಟು ಹಾಕಬೇಡಿ! ಆ ಔಷಧಿಗಳಲ್ಲಿ ಹಲವಕ್ಕೆ ತಾಮ್ರ ಸೇರಿಸಿರುತ್ತಾರೆ. ಮೀನು ತಡೆದುಕೊಳ್ಳುವ ಪ್ರಮಾಣವೇ ಸಿಗಡಿಯನ್ನು ಕೊಂದುಬಿಡುತ್ತದೆ.

ಇದು ರೋಗ ಅಲ್ಲ, ಹಸಿವು. ಇದರ ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಇಕ್ಕಳ ಇಲ್ಲ, ಸಣ್ಣ ಕೂದಲಿನ ಬೀಸಣಿಗೆ ಇದೆ. ಹರಿಯುವ ನೀರಿಗೆ ಮುಖ ಮಾಡಿ ಅದನ್ನು ಬಿಚ್ಚಿ, ಸಿಕ್ಕ ಕಣಗಳನ್ನು ಒಂದೊಂದೇ ಬೀಸಣಿಗೆ ಮಡಚಿ ಬಾಯಿಗೆ ಒರೆಸಿಕೊಳ್ಳುತ್ತದೆ. ಆಗ್ನೇಯ ಏಷ್ಯಾದ ಹರಿಯುವ ತೊರೆಗಳಲ್ಲಿ ಇದರ ಬದುಕೇ ಹೀಗೆ. ಚೆರ್ರಿ ಶ್ರಿಂಪ್ ಥರ ಫ್ಲೇಕ್ಸ್ ಚೂರು ಹಿಡಿದು ಕಚ್ಚಿ ತಿನ್ನುವ ಪ್ರಾಣಿ ಅಲ್ಲ. ನೀರಲ್ಲಿ ಏನೂ ಬರದಿದ್ದಾಗಲೇ ಕೆಳಗಿಳಿದು ನೆಲ ಕೆದಕುತ್ತದೆ, ಇದು ಜಾಸ್ತಿ ದಿನ ನಡೆದರೆ ಬೀಸಣಿಗೆಯ ಕೂದಲೂ ಸವೆಯುತ್ತದೆ. ಮೀನಿನ ಉಳಿಕೆ ತಿಂದು ಬದುಕುತ್ತದೆ ಅನ್ನುವುದು ಮಾರುವವರ ಮಾತು.

ನಿಮ್ಮ ಟ್ಯಾಂಕ್‌ನಲ್ಲಿ ಅದರ ಪ್ರತಿಸ್ಪರ್ಧಿ ಟೆಟ್ರಾ ಅಲ್ಲ, ಆ ಬಿಳಿ ಫ್ಲಾಸ್. ಮೊದಲು ಅದನ್ನು ತೆಗೆಯಿರಿ, ಒರಟು ಸ್ಪಾಂಜ್ ಮತ್ತು ಬಯೋ ಮೀಡಿಯಾ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ನೆಲೆಸುವ ವಸ್ತು) ಸಾಕು. ಆಮೇಲೆ ಸ್ಪಿರುಲಿನಾ ಪುಡಿ ಅಥವಾ ಮರಿಮೀನಿಗೆ ಹಾಕುವ ನುಣ್ಣನೆಯ ಪುಡಿ ತನ್ನಿ. ಚಾಕುವಿನ ತುದಿಯಲ್ಲಿ ನಿಲ್ಲುವಷ್ಟು ತೆಗೆದುಕೊಂಡು ಟ್ಯಾಂಕ್ ನೀರಲ್ಲೇ ಕಲಸಿ ಸೂಜಿ ಇಲ್ಲದ ಸಿರಿಂಜ್‌ಗೆ ತುಂಬಿ, ಶ್ರಿಂಪ್ ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆ, ನೀರು ಬರುವ ದಿಕ್ಕಿನಲ್ಲಿ ನಿಧಾನಕ್ಕೆ ಬಿಡಿ. ಮೋಡದ ಹಾಗೆ ತೇಲಿ ಬೀಸಣಿಗೆ ಮೇಲೆ ಹಾದು ಹೋಗಬೇಕು. ಸಿಕ್ಕುತ್ತಿದೆ ಅಂದರೆ ನಾಲ್ಕೂ ಬೀಸಣಿಗೆ ಬಿಡುವಿಲ್ಲದೆ ಬಾಯಿಗೆ ಹೋಗಿ ಬರುತ್ತವೆ, ಖಾಲಿಯಾಗುತ್ತಿದ್ದಂತೆ ನಿಧಾನವಾಗುತ್ತವೆ. ಅದೇ ನಿಮಗೆ ಅಳತೆ, ಅದಕ್ಕಿಂತ ಜಾಸ್ತಿ ಸುಮ್ನೆ ಸುರಿಯಬೇಡಿ, ಅಮೋನಿಯಾ ಏರುತ್ತದೆ.

ಕ್ಯಾನಿಸ್ಟರ್ ಆ ಪುಡಿಯನ್ನೂ ಎಳೆದುಕೊಂಡರೆ, ಚಿಕ್ಕ ಪವರ್‌ಹೆಡ್ (ಟ್ಯಾಂಕ್ ಒಳಗೆ ನೀರು ಹರಿಸುವ ಪಂಪ್) ಒಂದನ್ನು ಹಾಕಿ, ಅದು ನೀರೆಳೆಯುವ ಬಾಯಿಗೆ ಸ್ಪಾಂಜ್ ಕಟ್ಟಿ. ತಿನ್ನಿಸುವ ಅರ್ಧ ಗಂಟೆ ಕ್ಯಾನಿಸ್ಟರ್ ಆಫ್, ಪವರ್‌ಹೆಡ್ ಆನ್. ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ, ಗಂಟೆಗಟ್ಟಲೆ ನೀರಾಡದಿದ್ದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ.

ಬನಶಂಕರಿಯಿಂದ:
ಹಸಿವಿನ ವಿಷಯ ಒಪ್ಪುತ್ತೇನೆ, ಆದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡದ್ದು ಬೇರೆ ಕಥೆ ಇರಬಹುದು. ನೀರು ಯಾವುದು? ಕಾವೇರಿನಾ, ಬೋರ್‌ವೆಲ್ಲಾ, ಟ್ಯಾಂಕರ್‌ದಾ? ಅಪಾರ್ಟ್‌ಮೆಂಟಲ್ಲಿ ಸಾಫ್ಟನರ್ ಇದೆಯಾ?

ವೈಟ್‌ಫೀಲ್ಡ್‌ನಿಂದ:
ಬೋರ್‌ವೆಲ್. ಸಾಫ್ಟನರ್ ಇದೆ. ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ 600 ದಾಟುತ್ತದೆ, ಹಾಗಾಗಿ ಖನಿಜ ಬೇಕಾದಷ್ಟು ಇದೆ ಅಂದುಕೊಂಡಿದ್ದೆ.

ಬನಶಂಕರಿಯಿಂದ:
ನೋಡಿ, ಇಲ್ಲೇ ಎಡವಟ್ಟು. ಸಾಫ್ಟನರ್ ಒಟ್ಟು ಲವಣ ಕಡಿಮೆ ಮಾಡುವುದಿಲ್ಲ, ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಅದಕ್ಕೇ ತಾನೇ ಅಪಾರ್ಟ್‌ಮೆಂಟಿನವರು ಮೂಟೆಗಟ್ಟಲೆ ಉಪ್ಪು ತರಿಸುವುದು! ಮೀಟರ್‌ಗೆ ಎಲ್ಲಾ ಉಪ್ಪೂ ಒಂದೇ, 600 ತೋರಿಸುತ್ತದೆ. ಸಿಗಡಿಗೆ ಹೊಸ ಚಿಪ್ಪು ಕಟ್ಟಲು ಬೇಕಾದದ್ದು ಮಾತ್ರ ಅದರಲ್ಲಿಲ್ಲ. ಜಿಎಚ್ (ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತೆ) ಹನಿ ಟೆಸ್ಟ್ ಮಾಡಿ, ಟಿಡಿಎಸ್ ನಂಬಬೇಡಿ.

ಕಡಿಮೆ ಬಂದರೆ ಸಾಫ್ಟನರ್‌ಗಿಂತ ಮುಂಚಿನ ನೀರು ಸಿಗುತ್ತದಾ ನೋಡಿ. ಕೆಲವು ಕಡೆ ಗಾರ್ಡನ್ ನಲ್ಲಿಗೆ ನೇರ ಬೋರ್ ನೀರು ಬರುತ್ತದೆ, ಪ್ಲಂಬರ್‌ನ ಕೇಳಿದರೆ ಗೊತ್ತಾಗುತ್ತದೆ. ಅದನ್ನು ಒಂದೇ ಸಲ ಸುರಿಯದೆ ಪ್ರತಿ ನೀರು ಬದಲಾವಣೆಯಲ್ಲೂ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಜಿಎಚ್ 6ರಿಂದ 10ರ ಒಳಗೆ ತನ್ನಿ. ದಿಢೀರ್ ಬದಲಾದರೆ ಅವೇಳೆಯಲ್ಲಿ ಪೊರೆ ಬಿಟ್ಟು ಸಾಯುವುದುಂಟು. ಕಾವೇರಿ ನೀರು ಸಿಕ್ಕರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಬಳಸಬೇಡಿ. ಅಂಟಿದ ಚಿಪ್ಪಿಗೆ ಕೈ ಹಾಕಬೇಡಿ, ಎಳೆದರೆ ಕೆಳಗಿನ ಮೆತ್ತಗಿನ ಮೈ ಕಿತ್ತು ಬರುತ್ತದೆ.

ವೈಟ್‌ಫೀಲ್ಡ್‌ನಿಂದ:
ಟೆಸ್ಟ್ ಕಿಟ್ ತಂದೆ. ಜಿಎಚ್ 1! ಫ್ಲಾಸ್ ತೆಗೆದು ಸಿರಿಂಜಲ್ಲಿ ಪುಡಿ ಬಿಟ್ಟೆ, ದೊಡ್ಡದು ಮರದ ತುಂಡಿಗೆ ಮತ್ತೆ ಹತ್ತಿ ಬೀಸಣಿಗೆ ಬಿಚ್ಚಿದೆ. ಚಿಪ್ಪು ಅಂಟಿರುವುದು ಮಾತ್ರ ಕಲ್ಲಿನ ಸಂದಿ ಬಿಟ್ಟು ಬರುತ್ತಿಲ್ಲ. ಗಾರ್ಡನ್ ನಲ್ಲಿ ನೀರಿಗೆ ಸೆಕ್ಯೂರಿಟಿಯವರನ್ನು ಒಪ್ಪಿಸುತ್ತಿದ್ದೇನೆ. ಇನ್ನೊಂದು ಪ್ರಶ್ನೆ, ಇವು ಟ್ಯಾಂಕಲ್ಲೇ ಮರಿ ಮಾಡುತ್ತವಾ?

ಬಸವನಗುಡಿಯಿಂದ:
ಸಂದಿಯಲ್ಲಿ ಕೂತಿರಲಿ ಬಿಡಿ, ಪೊರೆ ಬಿಟ್ಟ ಮೇಲೆ ಮೈ ಗಟ್ಟಿಯಾಗುವ ತನಕ ಅಡಗುವುದು ಸಹಜ. ಪುಡಿಯನ್ನು ಆ ಸಂದಿ ಕಡೆಗೂ ಒಂದಿಷ್ಟು ಬಿಡಿ, ಲೈಟ್ ಆರಿಸಿದ ಮೇಲೆ ಕೊಟ್ಟರೆ ಟೆಟ್ರಾಗಳ ಕಾಟವೂ ಇರಲ್ಲ. ಮರಿ ಆಸೆ ಇಟ್ಟುಕೊಳ್ಳಬೇಡಿ. ಮೊಟ್ಟೆ ಹೊತ್ತರೂ ಹೊರಬರುವ ಲಾರ್ವಾ ಬೆಳೆಯಲು ಉಪ್ಪು ನೀರು ಬೇಕು, ನಿಮ್ಮ ಸಾಫ್ಟನರ್ ಉಪ್ಪು ಅದಕ್ಕೆ ಸಾಲಲ್ಲ 😄