ಆಟಗಳಿಗಾಗಿ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬರಬಹುದೇ?

ಪ್ರಶ್ನೆ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ, ನನ್ನ ಹಳೆಯ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟಗಳ ಜೊತೆಗೆ ಗೆಳೆಯರೊಡನೆ ವ್ಯಾಲರೆಂಟ್ ಕೂಡ ಆಡುತ್ತೇನೆ. ಲಿನಕ್ಸ್‌ಗೆ ಬದಲಾಗುವುದು ಸೂಕ್ತವೇ?

ಉತ್ತರ 1: ವ್ಯಾಲರೆಂಟ್ ಬಿಡಲಾಗದಿದ್ದರೆ ಬೇಡ. ಅದರ ಮೋಸತಡೆ ತಂತ್ರಾಂಶವಾದ ವ್ಯಾನ್‌ಗಾರ್ಡ್ ವಿಂಡೋಸ್‌ನ ಕರ್ನಲ್ (ವ್ಯವಸ್ಥೆಯ ತಿರುಳು) ಮಟ್ಟದಲ್ಲಿ ಕೆಲಸ ಮಾಡುವುದರಿಂದ ಲಿನಕ್ಸ್‌ನಲ್ಲಿ ಆ ಆಟ ನಡೆಯುವುದಿಲ್ಲ.

ಉತ್ತರ 2: ಮೇಲಿನ ಮಾತು ನಿಜ, ಆದರೆ ಉಳಿದ ಆಟಗಳ ವಿಷಯ ಬೇರೆ. ಸ್ಟೀಮ್ ನಡೆಸುವ ವಾಲ್ವ್ ಸಂಸ್ಥೆ 2018ರಲ್ಲಿ ಹೊರತಂದ ಪ್ರೋಟಾನ್, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ತಂತ್ರಾಂಶವನ್ನು ಆಧರಿಸಿದ್ದು, ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಗ್ರಾಫಿಕ್ಸ್ ಆದೇಶಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ಮಾರ್ಪಡಿಸುತ್ತ ಆಟವನ್ನು ನಡೆಸುತ್ತದೆ. ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ಇದರಲ್ಲಿ ಚೆನ್ನಾಗಿಯೇ ಓಡುತ್ತವೆ. ನಿಮ್ಮ ಆಟಗಳ ಸ್ಥಿತಿಯನ್ನು ಪ್ರೋಟಾನ್‌ಡಿಬಿ ತಾಣದಲ್ಲಿ ಮೊದಲೇ ನೋಡಿಕೊಳ್ಳಿ. ಎನ್‌ವಿಡಿಯಾ ಕಾರ್ಡ್‌ಗೆ ಕಂಪನಿಯದೇ ಡ್ರೈವರ್ ಹಾಕಿಕೊಳ್ಳಬೇಕು (ಎಎಂಡಿ ಕಾರ್ಡ್ ಇರುವವರಿಗೆ ಈ ತಲೆನೋವು ಕಡಿಮೆ). ಇನ್ನೊಂದು ಮಾತು: ಡಿಸ್ಕ್‌ನ ಹಳೆಯ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್ ವ್ಯವಸ್ಥೆ) ವಿಭಾಗದಲ್ಲಿರುವ ಆಟಗಳನ್ನು ಅಲ್ಲಿಂದಲೇ ನಡೆಸಲು ಹೋದರೆ ತೊಂದರೆಗಳು ಬರುತ್ತವೆ, ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ವಿಭಾಗದಲ್ಲಿ ಹೊಸದಾಗಿ ಇಳಿಸಿಕೊಳ್ಳುವುದೇ ಲೇಸು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ 2: ಇಟ್ಟುಕೊಳ್ಳಬಹುದು. ಎರಡಕ್ಕೂ ಪ್ರತ್ಯೇಕ ಎಸ್‌ಎಸ್‌ಡಿ ಇದ್ದರೆ, ವಿಂಡೋಸ್ ಅಪ್‌ಡೇಟ್‌ನಿಂದ ಲಿನಕ್ಸ್‌ನ ಬೂಟ್‌ಲೋಡರ್ (ಯಂತ್ರ ಶುರುವಾದಾಗ ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಕೆಡುವ ಸಂಭವ ತಗ್ಗುತ್ತದೆ.