ಬೇರಲ್ಲಿ ಗಂಟಿದ್ದರೆ ಗೊಬ್ಬರ ಬೇಡವಾ? ನಮ್ಮ ಬ್ಯಾಚ್ ಗುಂಪಿನ ಭಾನುವಾರದ ಜಗಳ

(ಮಡಿಕೇರಿ ಪಿಯುಸಿ ಗೆಳೆಯರ ವಾಟ್ಸಾಪ್ ಗುಂಪು)

ಗಿರೀಶ: [ಹಲವು ಬಾರಿ ಫಾರ್ವರ್ಡ್ ಆದದ್ದು] ರೈತ ಬಾಂಧವರೇ! ದ್ವಿದಳ ಬೆಳೆಗೆ ಯಾವ ಗೊಬ್ಬರವೂ ಬೇಡ. ಬೇರಿನ ಗಂಟುಗಳೇ ಗಾಳಿಯಿಂದ ಪುಕ್ಕಟೆ ಸಾರಜನಕ ತಯಾರಿಸುತ್ತವೆ. ಎಲ್ಲರಿಗೂ ಶೇರ್ ಮಾಡಿ 🙏

ಬೋಪಣ್ಣ: ಶೇರ್ ಮಾಡುವ ಮೊದಲು ನನ್ನ ಗದ್ದೆಗೆ ಬಾ ಮಾರಾಯ. ಭತ್ತ ಕೊಯ್ದ ಮೇಲೆ ಅಲಸಂದೆ ಹಾಕಿದೆ. ಗೊಬ್ಬರ ಮುಟ್ಟಿಸಿಲ್ಲ. ಗಿಡ ನೋಡು. [ಫೋಟೋ]

ನಾಸಿರ್: ಪೂರಾ ಹಳದಿ! ಯೂರಿಯಾ ಎರಚು. ವಾರದಲ್ಲಿ ಹಸಿರಾಗದಿದ್ದರೆ ಕೇಳು.

ಸರಳಾ: ಸ್ವಲ್ಪ ತಡಿ. ಬೋಪಣ್ಣ, ಒಂದು ಗಿಡವನ್ನು ಕೀಳದೆ ಮಣ್ಣಿನ ಸಮೇತ ಅಗೆದು ತೆಗಿ. ಗಂಟನ್ನು ಬ್ಲೇಡಿನಲ್ಲಿ ಕೊಯ್ದು ಒಳಗಿನ ಬಣ್ಣ ಹೇಳು.

ನಾಸಿರ್: ಮೇಡಂ ಪ್ರಾಕ್ಟಿಕಲ್ಸ್ ಶುರು 😄

ಬೋಪಣ್ಣ: [ಫೋಟೋ] ಗಂಟು ಬೇಕಾದಷ್ಟಿವೆ, ಆದರೆ ಎಲ್ಲ ಸಾಸಿವೆ ಗಾತ್ರ. ಒಳಗೆ ಬಿಳಿ, ಕೆಲವು ಹಸಿರು. ಒಂದು ವಿಚಿತ್ರ. ಬದುವಿನ ಹತ್ತಿರ ಒಲೆ ಬೂದಿ ಸುರಿಯುವ ಜಾಗ ಇದೆ. ಅಲ್ಲಿನ ಗಿಡ ಮಾತ್ರ ಕಡು ಹಸಿರು. ಗಂಟೂ ದಪ್ಪ, ಕೊಯ್ದರೆ ರಕ್ತದ ಹಾಗೆ ಕೆಂಪು.

ಸರಳಾ: ಆ ಕೆಂಪೇ ಮುಖ್ಯ. ಅದು ಲೆಗ್‌ಹಿಮೋಗ್ಲೋಬಿನ್ ಅನ್ನುವ ಪ್ರೋಟೀನ್, ಅದರಲ್ಲಿ ಕಬ್ಬಿಣ ಇದೆ. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿ ಇದ್ದರೆ ಒಳಗಿನ ರೈಜೋಬಿಯಂ, ಅಂದ್ರೆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ, ಗಿಡದ ಸಕ್ಕರೆ ತಿಂದುಕೊಂಡು ಸುಮ್ನೆ ಕೂತಿದೆ.

ಗಿರೀಶ: ಅಂದ್ರೆ ಫಾರ್ವರ್ಡ್ ಸುಳ್ಳಲ್ಲ. ಕೆಂಪಾದ ಗಂಟು ಪುಕ್ಕಟೆ ಕೆಲಸ ಮಾಡುತ್ತೆ ಅಲ್ವಾ?

ಸರಳಾ: ಪುಕ್ಕಟೆ ಏನಿಲ್ಲ ಕಣೋ. ಸಾರಜನಕದ ಒಂದೇ ಒಂದು ಅಣು ಒಡೆಯಲು 16 ಎಟಿಪಿ ಖರ್ಚು. ಎಟಿಪಿ ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡುವ ಅಣು. ಎಟಿಪಿಗೆ ರಂಜಕ ಬೇಕು. ಒಡೆಯುವ ಕಿಣ್ವ ನೈಟ್ರೋಜಿನೇಸ್, ಅದಕ್ಕೆ ಕಬ್ಬಿಣ ಮತ್ತು ಮಾಲಿಬ್ಡಿನಮ್ ಅನ್ನುವ ಲೋಹ ಬೇಕು. ಬ್ಯಾಕ್ಟೀರಿಯಾ ಬೇರಿನೊಳಗೆ ಇಳಿಯಬೇಕಾದರೆ ಕ್ಯಾಲ್ಸಿಯಂ, ಗಂಟು ಸರಿಯಾಗಿ ಕಟ್ಟಲು ಬೋರಾನ್. ಕೋಬಾಲ್ಟ್ ಕೂಡ ಬೇಕು, ಅದಿಲ್ಲದೆ ರೈಜೋಬಿಯಂಗೆ ವಿಟಮಿನ್ ಬಿ12 ಮಾಡಿಕೊಳ್ಳಲು ಆಗಲ್ಲ. ಗಾಳಿಯಿಂದ ಬರುವುದು ಸಾರಜನಕ ಒಂದೇ. ಉಳಿದದ್ದೆಲ್ಲ ಮಣ್ಣೇ ಕೊಡಬೇಕು.

ನಾಸಿರ್: ನನ್ನ ಬೀನ್ಸಿಗೆ ಯೂರಿಯಾ ಕೊಟ್ಟೇ ಬೆಳೆ ಬಂದಿದೆ. ಅದಕ್ಕೆ ಏನಂತೀಯಾ?

ಸರಳಾ: ಬೀನ್ಸಿಗೆ ನೀನು ಹೇಳಿದ್ದು ಸರಿ. ಗಂಟಿನ ಕೆಲಸದಲ್ಲಿ ಅದು ಸೋಮಾರಿ ಜಾತಿ. ಅಲಸಂದೆ ಹಾಗಲ್ಲ. ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತದೆ, ಅದು ಜಾಸ್ತಿಯಾದರೆ ಗಿಡ ಗಂಟಿಗೆ ಸಕ್ಕರೆ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಎಲೆ ಹಸಿರಾಗುತ್ತದೆ, ಇರುವ ಗಂಟೂ ಹಾಳು. ಆಮೇಲೆ ಯೂರಿಯಾ ಹಾಕುತ್ತಲೇ ಇರಬೇಕು.

ಬೋಪಣ್ಣ: ಬೂದಿ ಏನು ಮಾಡಿತು ಹಾಗಾದರೆ?

ಸರಳಾ: ಮಣ್ಣಿನ ಹುಳಿ, ಅಂದ್ರೆ ಆಮ್ಲೀಯತೆ, ಕಡಿಮೆ ಮಾಡಿತು. ನಮ್ಮ ಮಳೆಗೆ ಮಣ್ಣಿನ ಸುಣ್ಣದಂಶ ಎಲ್ಲ ತೊಳೆದು ಕಾವೇರಿ ಸೇರುತ್ತದೆ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಮ್ ಇದ್ದರೂ ಬೇರಿಗೆ ಸಿಗಲ್ಲ. ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬೂದಿ ಹುಳಿ ಇಳಿಸುತ್ತದೆ, ಜೊತೆಗೆ ಪೊಟ್ಯಾಶ್, ಕ್ಯಾಲ್ಸಿಯಂ, ಒಂದಿಷ್ಟು ರಂಜಕವನ್ನೂ ಕೊಡುತ್ತದೆ. ಸಾಸಿವೆಯಂಥ ಬಿಳಿ ಗಂಟು ರಾಶಿ ರಾಶಿ ಇದ್ದರೆ ನನಗೆ ಮೊದಲ ಅನುಮಾನ ಮಾಲಿಬ್ಡಿನಮ್ ಮೇಲೆಯೇ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸೊರಗಿದ ಹುಲ್ಲುಗಾವಲಿನ ಕ್ಲೋವರ್ ಅನ್ನುವ ದ್ವಿದಳ ಮೇವಿಗೆ ಇದೇ ಕೊರತೆ ಅಂತ ಆಂಡರ್ಸನ್ ಅನ್ನುವವರು 1942ರಲ್ಲೇ ತೋರಿಸಿದ್ದರು. ತೀರಾ ಸ್ವಲ್ಪ ಹಾಕಿದ್ದಕ್ಕೇ ಹುಲ್ಲುಗಾವಲು ಚಿಗುರಿತು.

ಬೋಪಣ್ಣ: ಅದೇ ಗದ್ದೆಯಲ್ಲಿ ಭತ್ತ ಭರ್ಜರಿ ಬಂತಲ್ಲ. ಹುಳಿ ಇದ್ದರೆ ಹೇಗೆ ಬಂತು?

ಸರಳಾ: ನೀರು ನಿಂತಿರುವಾಗ ಹುಳಿ ತಾನಾಗಿ ಇಳಿಯುತ್ತದೆ. ಗದ್ದೆ ಒಣಗಿದ ಮೇಲೆ ವಾಪಸ್ ಏರುತ್ತದೆ. ನೀನು ಅಲಸಂದೆ ಹಾಕಿದ್ದು ಸರಿಯಾಗಿ ಆ ಹೊತ್ತಿಗೆ.

ಗಿರೀಶ: ನಮ್ಮ ಕಾಫಿ ತೋಟದ ನೆರಳಿನ ಮರ ಹಾಲುವಾಣವೂ ದ್ವಿದಳವೇ ತಾನೇ? ಅದಕ್ಕೆ ಯಾರಪ್ಪ ಗೊಬ್ಬರ ಹಾಕುತ್ತಾರೆ? ಆಳೆತ್ತರ ಚಿಗುರುತ್ತದೆ.

ಸರಳಾ: ಕಾಫಿಗೆ ಅಂತ ಸುಣ್ಣ, ರಾಕ್ ಫಾಸ್ಫೇಟ್ ಹಾಕಿಸುತ್ತೀಯಲ್ಲ, ಅದರಲ್ಲಿ ಹಾಲುವಾಣವೂ ಪಾಲು ಎತ್ತುತ್ತದೆ.

ನಾಸಿರ್: 😂😂 ಗಿರೀಶ ಔಟ್

ಸರಳಾ: ಬೋರ್ಡೋ, ಅದೇ ಮೈಲುತುತ್ತ-ಸುಣ್ಣದ ದ್ರಾವಣ, ಅದರ ಬಗ್ಗೆಯೂ ಯೋಚನೆ ಮಾಡಿ. ಮೆಣಸಿಗೆ, ಕಾಫಿಗೆ ವರ್ಷ ವರ್ಷ ಹೊಡೆದ ತಾಮ್ರ ಎಲ್ಲೂ ಹೋಗಲ್ಲ, ಮೇಲ್ಮಣ್ಣಲ್ಲೇ ಕೂರುತ್ತದೆ. ಚೂರು ತಾಮ್ರ ಬೇಕು, ಜಾಸ್ತಿಯಾದರೆ ರೈಜೋಬಿಯಂಗೆ ವಿಷ. ಬೋರ್ಡೋ ಬಿಡಿ ಅಂತ ಹೇಳುತ್ತಿಲ್ಲ, ಕೊಳೆರೋಗ ಬಂದರೆ ನನ್ನ ಮನೆ ಬಾಗಿಲಿಗೆ ಬರುತ್ತೀರಿ.

ನಾಸಿರ್: ಸರಿ, ಮಾಲಿಬ್ಡಿನಮ್ ತರಿಸೋಣ. ಒಂದು ಕೆಜಿ ಸಾಕಾ?

ಸರಳಾ: ಅಯ್ಯೋ! ಅದು ಗ್ರಾಂ ಲೆಕ್ಕದ ವಸ್ತು. ಬೀಜಕ್ಕೆ ಜಾಸ್ತಿ ಮೆತ್ತಿದರೆ ರೈಜೋಬಿಯಂ ಸಾಯುತ್ತದೆ. ಹಸು ಮೇಯುವ ಸೊಪ್ಪಿನಲ್ಲಿ ಜಾಸ್ತಿಯಾದರೆ ಹಸುವಿಗೆ ತಾಮ್ರದ ಕೊರತೆ ಬರುತ್ತದೆ. ಮೊದಲು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸಿ. ಸುಣ್ಣ ಹಾಕಿ ಹುಳಿ ಇಳಿಸಿದರೆ ಮಣ್ಣಲ್ಲಿರುವ ಮಾಲಿಬ್ಡಿನಮ್ಮೇ ಸಾಕಾಗಬಹುದು.

ಬೋಪಣ್ಣ: ಸುಣ್ಣ ಹಾಕಿದರೆ ಈ ಗಿಡ ಸುಧಾರಿಸುತ್ತಾ?

ಸರಳಾ: ಇಲ್ಲ, ಸುಣ್ಣ ನಿಧಾನ. ಮುಂದಿನ ಸಲ ಬಿತ್ತುವ ಮೊದಲೇ ಮಣ್ಣಿಗೆ ಸೇರಿಸು. ನಾಸಿರನ ಮಾತು ಕೇಳಿ ಸುಣ್ಣ ಹಾಕಿದ ದಿನವೇ ಯೂರಿಯಾ ಹಾಕಬೇಡ, ಅದು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ನಾಸಿರ್: ನಾನು ಸೋಲಲ್ಲ. ಮುಂದಿನ ಸಲ ಅರ್ಧ ಗದ್ದೆಗೆ ನಿನ್ನ ಸುಣ್ಣ, ಅರ್ಧಕ್ಕೆ ನನ್ನ ಯೂರಿಯಾ. ಕಾಯಿ ತೂಕ ಹಾಕಿ ನೋಡೋಣ.

ಸರಳಾ: ಒಪ್ಪಿದೆ. ನಡುವೆ ಏನೂ ಹಾಕದ ಒಂದು ಪಟ್ಟಿ ಬಿಡಿ. ಅದು ಗಿರೀಶನ ಫಾರ್ವರ್ಡ್‌ಗೆ.

ಬೋಪಣ್ಣ: ಗದ್ದೆ ನನ್ನದು ಮಾರಾಯ್ರೇ. ಸುಣ್ಣದ ಮೂಟೆ ಹೊರಲು ಯಾರು ಬರುತ್ತೀರಿ, ಅದು ಹೇಳಿ ಮೊದಲು.