ಹಳೇ ಗೆಳತಿಯರು ಊಟಕ್ಕೆ ಬರ್ತಿದ್ದಾರೆ, ಮಾಡಿ ಅನುಭವ ಇರೋರು ಹೇಳಿ

ಮೈಸೂರಿನಿಂದ ಕೇಳಿದ್ದು: 1997ರಲ್ಲಿ ಬಿ.ಎ. ಮುಗಿಸಿ ಹಾಸ್ಟೆಲ್ ಬಿಟ್ಟವರು ನಾವು. ಈ ಭಾನುವಾರ ಏಳು ಜನ ನಮ್ಮನೆಗೆ ಬರ್ತಾರೆ. ಹೋಟೆಲ್ ಬೇಡ, ನಿನ್ನ ಕೈಯಡುಗೆಯೇ ಬೇಕು ಅಂತ ಹಟ. ಹೋದ ಸಲ ನೆಂಟರು ಬಂದಾಗ ದಿನವೆಲ್ಲ ಒಲೆ ಮುಂದೆ ಕಳೆದೆ, ಹತ್ತು ನಿಮಿಷ ಅವರ ಜೊತೆ ಕೂರಲಿಲ್ಲ. ಈ ಸಲ ಹಾಗಾಗಬಾರದು. ಹೋಳಿಗೆ, ಪೂರಿ ಮಾಡೋಣ ಅಂದುಕೊಂಡಿದ್ದೆ.

ತುಮಕೂರಿನಿಂದ: ಪೂರಿ ಬಿಟ್ಟುಬಿಡಿ. ದೋಸೆ, ಬೋಂಡಾನೂ ಬೇಡ. ಅವೆಲ್ಲ ಒಬ್ಬರು ಬಾಣಲೆ ಮುಂದೆ ನಿಂತೇ ಇರಬೇಕಾದ ಅಡುಗೆ. ಹೀಗೇ ನನ್ನ ಗೆಳತಿಯರು ಬಂದ ಮೊದಲ ಸಲ ನಾನು ಪೂರಿ ಕರೀತಾ ನಿಂತಿದ್ದಾಗ ಹಾಲ್‌ನಲ್ಲಿ ಎಲ್ಲರೂ ಬಿದ್ದು ಬಿದ್ದು ನಗ್ತಿದ್ರು. ಯಾವ ಮಾತಿಗೆ ನಕ್ಕರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ಸಲ ಬಿಸಿಬೇಳೆಬಾತ್ ಮಾಡಿದೆ. 8 ಜನಕ್ಕೆ 3 ಪಾವು ಅಕ್ಕಿ, 2 ಪಾವು ತೊಗರಿಬೇಳೆ ಸಾಕು. ಪುಡಿಯನ್ನು ಹಿಂದಿನ ದಿನವೇ ಹುರಿದು ಮಾಡಿಡಿ: ಕಡಲೆಬೇಳೆ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಒಣಕೊಬ್ಬರಿ. ಬೇಳೆ ಪೂರ್ತಿ ಬೆಂದ ಮೇಲೇ ಹುಣಸೆರಸ. ಹುಳಿ ಬಿದ್ದಮೇಲೆ ಬೇಳೆ ಬೇಯಲ್ಲ. ಇಳಿಸುವಾಗ ಸಾಂಬಾರಿನ ಹಾಗೆ ತೆಳ್ಳಗೇ ಇರಲಿ, ಅನ್ನ ನೀರು ಹೀರ್ತಾನೇ ಇರುತ್ತೆ. ಬಡಿಸೋ ಮುಂಚೆ ಕುದಿನೀರು ಹಾಕಿ ಸಡಿಲ ಮಾಡಿ, ತುಪ್ಪದ ಒಗ್ಗರಣೆ ಆಗ ಕೊಡಿ.

ಕೋಸಂಬರಿ ಮಾತ್ರ ನೀವು ಮಾಡಿಡಬೇಡಿ. ಹೆಸರುಬೇಳೆ ನೆನೆಸಿಟ್ಟು, ಸೌತೆಕಾಯಿ, ಈಳಿಗೆ ಮಣೆ ಅವರ ಮುಂದಿಡಿ. ನಮ್ಮನೆಯಲ್ಲಿ ಅವತ್ತು ಒಬ್ಬಳು ಸೌತೆಕಾಯಿ ತುದಿ ಕತ್ತರಿಸಿ, ಆ ತುಂಡಿನಿಂದಲೇ ಉಜ್ಜಿ ಉಜ್ಜಿ ಬಿಳಿ ನೊರೆ ತೆಗೆದಳು. ಕಹಿ ಹೋಗಲಿ ಅಂತ ಅವಳಮ್ಮ ಹಾಗೇ ಮಾಡ್ತಿದ್ರು. ದಸರಾ ರಜೆಗೆ ಅವಳೂರಿಗೆ ಹೋದಾಗ ನಾವೆಲ್ಲ ಅಡುಗೆಮನೆ ಹೊಸ್ತಿಲಲ್ಲಿ ಕೂತು ನೋಡಿದ್ದೆವು. ಆ ಅಮ್ಮ ಈಗಿಲ್ಲ. ಯಾರೂ ಏನೂ ಕೇಳಲಿಲ್ಲ, ಅವಳೇ ಹೇಳ್ತಾ ಹೋದಳು. ಅಲ್ಲಿಂದ ಶುರುವಾದ ಮಾತು ಸಂಜೆ ಕಾಫಿಯಾದರೂ ನಿಲ್ಲಲಿಲ್ಲ. (ಉಪ್ಪು ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಕೋಸಂಬರಿ ನೀರು ಬಿಟ್ಟುಕೊಳ್ಳುತ್ತೆ.)

ಧಾರವಾಡದಿಂದ: ಅಕ್ಕಾರ, ಬಾತ್ ಒಂದ ಇದ್ರ ನಮಗ ಊಟ ಆದಂಗ ಅನಸೂದಿಲ್ರಿ. ಖಡಕ್ ರೊಟ್ಟಿ ನಾಲ್ಕ ದಿನ ಮೊದಲ ಮಾಡಿಟ್ರೂ ಏನೂ ಆಗೂದಿಲ್ಲ. ಬದನೀಕಾಯಿ ಎಣ್ಣೆಗಾಯಿ ಮುಂಜಾನೆ ಮಾಡಿದ್ದು ಮಧ್ಯಾಹ್ನಕ್ಕ ಇನ್ನೂ ಛಲೋ ಆಗತದ, ಮಸಾಲಿ ಒಳಗ ಇಳೀತದ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಗಟ್ಟಿ ಮೊಸರು ಇಟ್ರ ಯಾರೂ ಏಳೂದಿಲ್ಲ.

ಇನ್ನೊಂದ ಸಂಗತಿ. ಯಾರಿಗೆ ಶುಗರ್ ಐತಿ, ಯಾರು ಉಪ್ಪು ಕಡಿಮಿ ಮಾಡ್ಯಾರ, ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳ್ರಿ. ಎಲ್ಲಾರ ಮುಂದ ಕೇಳಬ್ಯಾಡ್ರಿ. ನನ್ನ ಗೆಳತಿ ಒಬ್ಬಾಕಿ, ಕಷ್ಟಪಟ್ಟು ಮಾಡ್ಯಾಳ, ಬ್ಯಾಡ ಅಂದ್ರ ಬ್ಯಾಸರ ಮಾಡ್ಕೊತಾಳ ಅಂತ ಎರಡ ಹೋಳಿಗಿ ತಿಂದು ರಾತ್ರಿ ಭಾಳ ತ್ರಾಸ ಪಟ್ಟಳು. ನನಗ ಗೊತ್ತಾಗಿದ್ದು ವಾರದ ಮ್ಯಾಲ. ಕೇಳಿದ್ರ ಆಕಿಗೆ ಬ್ಯಾರೆ ಏನರ ಮಾಡತಿದ್ನಿ.

ಸಾಗರದಿಂದ: ನಿಮ್ಮ ಎಲೆಯನ್ನೂ ಅವರ ಸಾಲಿನಲ್ಲೇ ಹಾಕಿ. ಪಾತ್ರೆಗಳನ್ನು ಮಧ್ಯ ಇಟ್ಟರೆ ಬೇಕಾದವರು ಬಡಿಸಿಕೊಳ್ತಾರೆ. ಮನೆಯವರು ಕೊನೆಯಲ್ಲಿ ಉಣ್ಣೋದು ನೆಂಟರಿಗೆ ಸರಿ, ಒಂದೇ ತಟ್ಟೆಯಲ್ಲಿ ಉಂಡವರಿಗಲ್ಲ. ಡಿಕಾಕ್ಷನ್ ಬೆಳಿಗ್ಗೆಯೇ ಇಳಿಸಿಡಿ. ಪಾತ್ರೆ ತೊಳೀತೀವಿ ಅಂದರೆ ಬೇಡ ಅನ್ನಬೇಡಿ.

ಮೈಸೂರಿನಿಂದ ಮತ್ತೆ: ಪೂರಿ ಬಿಟ್ಟೆ, ಹೋಳಿಗೆಯೂ ಬಿಟ್ಟೆ. ಬಾತ್ ಜೊತೆ ಎಣ್ಣೆಗಾಯಿ ಮಾಡ್ತೀನಿ, ರೊಟ್ಟಿ ನಮ್ಮ ಹುಬ್ಬಳ್ಳಿ ಗೆಳತಿಯೇ ತರ್ತಾಳಂತೆ. ನಿನ್ನೆಯಿಂದ ಒಬ್ಬೊಬ್ಬರಿಗೆ ಫೋನ್ ಮಾಡ್ತಿದ್ದೀನಿ. ಇಬ್ಬರಿಗೆ ಶುಗರ್, ನನಗೆ ಗೊತ್ತೇ ಇರಲಿಲ್ಲ. ಈಳಿಗೆ ಮಣೆ ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದೀನಿ.